ಎರಡು ರೊಟ್ಟಿಗೆ ಎಷ್ಟು ಯೂನಿಟ್? ಟೈಪ್ 1 ಇರುವ ಮನೆಗಳಿಗೆ ಊಟದ ಇನ್ಸುಲಿನ್ ಲೆಕ್ಕ

ಟೈಪ್ 1 ಡಯಾಬಿಟಿಸ್‌ನಲ್ಲಿ ಮೈ ತಾನಾಗಿ ಇನ್ಸುಲಿನ್ ತಯಾರಿಸುವುದಿಲ್ಲ, ಹಾಗಾಗಿ ಊಟಕ್ಕೆ ಮುಂಚೆ ಇನ್ಸುಲಿನ್ ಬೇಕು ಎನ್ನುವುದು ಮೊದಲ ದಿನವೇ ಗೊತ್ತಾಗುತ್ತದೆ. ಎಷ್ಟು ಬೇಕು ಎನ್ನುವುದು ಮಾತ್ರ ವರ್ಷಗಟ್ಟಲೆ ಕಾಡುತ್ತದೆ. ಒಬ್ಬ ಡಾಕ್ಟರ್ ಬೆಳಿಗ್ಗೆ 6, ಮಧ್ಯಾಹ್ನ 8, ರಾತ್ರಿ 8 ಎಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ಇನ್ನೊಬ್ಬರು ಶುಗರ್ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಿ ಅನ್ನುತ್ತಾರೆ. ಬೆಂಗಳೂರಿಗೆ ಹೋಗಿ ತೋರಿಸಿಕೊಂಡು ಬಂದವರು ಕಾರ್ಬ್, ಅಂದರೆ ಊಟದಲ್ಲಿ ಶುಗರ್ ಏರಿಸುವ ಪಿಷ್ಟ, ಸಕ್ಕರೆ, ಎಣಿಸಬೇಕು ಅನ್ನುತ್ತಾರೆ. ಯಾರ ಮಾತೂ ಸುಳ್ಳಲ್ಲ. ಆದರೆ ಯಾವುದು ಯಾರ ಮನೆಗೆ ಹೊಂದುತ್ತದೆ ಎಂದು ಬಿಡಿಸಿ ಹೇಳುವಷ್ಟು ಹೊತ್ತು ಓಪಿಡಿಯಲ್ಲಿ ಯಾರಿಗೂ ಸಿಗುವುದಿಲ್ಲ.

ನಾವು ಬಾಗಲಕೋಟೆಯವರು. ಮಗಳಿಗೆ ಟೈಪ್ 1. ಈ ಬರಹ ನಮ್ಮಂಥ ಮನೆಗಳಿಗೆ. ದಿನದ ಊಟ ಅಂದರೆ ಜೋಳದ ರೊಟ್ಟಿ, ಹಬ್ಬ ಅಂದರೆ ಹೋಳಿಗೆ, ಊಟದ ಹೊತ್ತು ಅಂದರೆ ಹೊಲದ ಕೆಲಸ ಮುಗಿದ ಮೇಲೆ ಎನ್ನುವ ಮನೆಗಳಿಗೆ. ಇಲ್ಲಿ ಬರುವ ಸಂಖ್ಯೆಗಳು ಲೆಕ್ಕ ತಿಳಿಯಲಿ ಎಂದು ಕೊಟ್ಟವು. ನಿಮ್ಮ ಡೋಸ್ ನಿಮ್ಮ ಡಾಕ್ಟರ್ ಹತ್ತಿರವೇ ಗೊತ್ತು ಮಾಡಿಕೊಳ್ಳಬೇಕು. ಇನ್ನೊಬ್ಬರ ಮಗುವಿನ ಲೆಕ್ಕ ನಿಮ್ಮ ಮಗುವಿಗೆ ಹಾಕಬೇಡಿ, ಒಂದು ಯೂನಿಟ್ ಕೂಡ.

ದಿನಕ್ಕೊಮ್ಮೆ ತಗೊಳ್ಳುವ, ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್, ಅಂದರೆ ಬೇಸಲ್, ಬೇರೆ ವಿಷಯ. ಊಟ ಮಾಡಲಿ ಬಿಡಲಿ ಅದು ಬೇಕೇ ಬೇಕು. ಇಲ್ಲಿ ಮಾತಾಡುತ್ತಿರುವುದು ಊಟದ ಇನ್ಸುಲಿನ್ ಬಗ್ಗೆ ಮಾತ್ರ. ಅದರ ದಾರಿಗಳು ಎಷ್ಟೇ ಇರಲಿ, ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಊಟ ಇನ್ಸುಲಿನ್‌ಗೆ ಹೊಂದಿಕೊಳ್ಳಬೇಕೋ, ಇನ್ಸುಲಿನ್ ಊಟಕ್ಕೆ ಹೊಂದಿಕೊಳ್ಳಬೇಕೋ?

ಮೊದಲು ಕೈಯಲ್ಲಿರುವ ಬಾಟಲಿ ನೋಡಿ

ಕೆಲವು ಇನ್ಸುಲಿನ್ ಜೊತೆ ಕೆಲವು ಲೆಕ್ಕ ನಡೆಯುವುದೇ ಇಲ್ಲ. 30/70 ಎಂದು ಬರೆದ ಮಿಕ್ಸ್ ಇನ್ಸುಲಿನ್ ತಗೊಳ್ಳಿ. ಅದರಲ್ಲಿ 30 ಪಾಲು ರೆಗ್ಯುಲರ್, 70 ಪಾಲು ನಿಧಾನದ ಎನ್‌ಪಿಎಚ್. ಬೆಳಿಗ್ಗೆ ಒಂದು ಸೂಜಿ, ರಾತ್ರಿ ಒಂದು ಸೂಜಿ, ಖರ್ಚೂ ಕಡಿಮೆ. ಆದರೆ ಮಧ್ಯಾಹ್ನದ ಊಟಕ್ಕೆ ಬೇಕಾದ ಇನ್ಸುಲಿನ್ ಬೆಳಿಗ್ಗೆಯೇ ಮೈಯೊಳಗೆ ಹೋಗಿ ಕೂತಿರುತ್ತದೆ. ಊಟ ತಡವಾದರೆ ಅದು ಕಾಯುವುದಿಲ್ಲ, ಶುಗರ್ ಲೋ ಆಗುತ್ತದೆ. ಇವತ್ತು ಎರಡು ರೊಟ್ಟಿ ಜಾಸ್ತಿ ಎಂದು ಡೋಸ್ ಏರಿಸಿದರೆ ಎನ್‌ಪಿಎಚ್ ಕೂಡ ಏರಿ, ಬೇಡದ ಹೊತ್ತಿನಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ ಮಿಕ್ಸ್‌ನಲ್ಲಿ ಇರುವವರು ಕೆಳಗಿನ ಲೆಕ್ಕ ಯಾವುದನ್ನೂ ಶುರು ಮಾಡಬೇಡಿ. ಬೇಸಲ್ ಬೇರೆ, ಊಟದ್ದು ಬೇರೆ ಮಾಡಲು ಆಗುತ್ತದಾ ಎಂದು ಡಾಕ್ಟರ್ ಹತ್ತಿರ ಕೇಳಿ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2022ರಲ್ಲಿ ತಂದ ಟೈಪ್ 1 ಮಾರ್ಗಸೂಚಿ ಕೂಡ ಹಾಗೆ ಬೇರೆ ಬೇರೆ ಕೊಡುವುದನ್ನೇ ಮೇಲು ಅನ್ನುತ್ತದೆ.

ಊಟದ್ದು ಬೇರೆ ಇದ್ದರೆ ಅದು ಎರಡರಲ್ಲಿ ಒಂದು. ರೆಗ್ಯುಲರ್ ಇನ್ಸುಲಿನ್ ಕೆಲಸ ಶುರು ಮಾಡಲು ಅರ್ಧ ಗಂಟೆ ಬೇಕು. ಎರಡರಿಂದ ನಾಲ್ಕು ಗಂಟೆಯ ಹೊತ್ತಿಗೆ ಅದರ ಜೋರು, ಆಮೇಲೂ ಆರೆಂಟು ಗಂಟೆವರೆಗೆ ಸ್ವಲ್ಪ ಸ್ವಲ್ಪ ಉಳಿಯುತ್ತದೆ. ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮುಂಚೆ ಚುಚ್ಚಬೇಕು, ನಡುವೆ ಏನಾದರೂ ತಿನ್ನಬೇಕಾಗಿಯೂ ಬರಬಹುದು. ಲಿಸ್ಪ್ರೋ, ಆಸ್ಪಾರ್ಟ್, ಗ್ಲುಲಿಸಿನ್ ಎಂಬ ಹೊಸ ರ‍್ಯಾಪಿಡ್ ಇನ್ಸುಲಿನ್‌ಗಳು ಹತ್ತಿಪ್ಪತ್ತು ನಿಮಿಷಕ್ಕೆ ಶುರುವಾಗಿ ಮೂರರಿಂದ ಐದು ಗಂಟೆಗೆ ಮುಗಿಯುತ್ತವೆ. ಹತ್ತು ಹದಿನೈದು ನಿಮಿಷ ಮುಂಚೆ ತಗೊಂಡರೆ ಸಾಕು. ಎಷ್ಟು ತಿನ್ನುತ್ತದೋ ಗೊತ್ತಿಲ್ಲದ ಸಣ್ಣ ಮಗುವಿಗೆ ಕೆಲವೊಮ್ಮೆ ಊಟ ಆದ ಕೂಡಲೇ ಕೊಡಲು ಡಾಕ್ಟರ್ ಹೇಳುವುದುಂಟು. ಊಟದ ಹೊತ್ತು ಗೊತ್ತಿಲ್ಲದ ಮನೆಗೆ ರ‍್ಯಾಪಿಡ್ ಒಳ್ಳೆಯದು. ಆದರೆ ಅದರ ಬೆಲೆ ಜಾಸ್ತಿ. ರೆಗ್ಯುಲರ್‌ನಲ್ಲೂ ಲೆಕ್ಕ ಹಾಕಿ ಬದುಕಬಹುದು, ಗಡಿಯಾರ ನೋಡಬೇಕು ಅಷ್ಟೇ.

ಸಿರಿಂಜ್ ಬಳಸುವವರು ಬಾಟಲಿ ಮೇಲಿನ 40 ಅಥವಾ 100 ನೋಡದೆ ಮುಂದೆ ಹೋಗಬೇಡಿ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್ 100. 100ರ ಇನ್ಸುಲಿನ್ ಅನ್ನು 40ರ ಸಿರಿಂಜ್‌ನಲ್ಲಿ ಎಳೆದರೆ ಎರಡೂವರೆ ಪಟ್ಟು ಡೋಸ್ ಹೋಗುತ್ತದೆ. ಎಂಥ ಲೆಕ್ಕವೂ ಆಮೇಲೆ ಕಾಪಾಡುವುದಿಲ್ಲ.

ಫಿಕ್ಸೆಡ್ ಡೋಸ್

ಚೀಟಿಯಲ್ಲಿ ಬರೆದಷ್ಟು ದಿನಾ ಅಷ್ಟೇ ತಗೊಳ್ಳುವುದು. ಇದರಲ್ಲಿ ಊಟ ಇನ್ಸುಲಿನ್‌ಗೆ ಹೊಂದಿಕೊಳ್ಳಬೇಕು. ಮಧ್ಯಾಹ್ನ ಎರಡು ರೊಟ್ಟಿ, ಒಂದು ವಾಟಿ ಅನ್ನ ಅಂದರೆ ದಿನಾ ಅಷ್ಟೇ, ಅದೇ ಹೊತ್ತಿಗೆ. ಹೊಸದಾಗಿ ಕಾಯಿಲೆ ಗೊತ್ತಾದ ಮನೆಗೆ, ದಿನವೂ ಒಂದೇ ಥರ ಉಣ್ಣುವ ಹಿರಿಯರಿಗೆ, ಲೆಕ್ಕ ಹಾಕುವವರು ಯಾರೂ ಇಲ್ಲದ ಮನೆಗೆ ಇದು ಸರಿಯಾದ ಆಯ್ಕೆ. ಇದನ್ನು ಕೀಳಾಗಿ ನೋಡಬೇಕಿಲ್ಲ.

ಇದಕ್ಕೇ ಸ್ಲೈಡಿಂಗ್ ಸ್ಕೇಲ್ ಸೇರಿಸುವುದುಂಟು. ಊಟಕ್ಕೆ ಮುಂಚೆ ಶುಗರ್ 200 ದಾಟಿದ್ದರೆ 1 ಹೆಚ್ಚು, 250 ದಾಟಿದ್ದರೆ 2 ಹೆಚ್ಚು, ಹೀಗೆ. ಕೇಳಲು ಚೆನ್ನಾಗಿದೆ. ಆದರೆ ಇದು ಹಿಂದಿನ ಊಟದಿಂದ ಏರಿದ ಶುಗರ್‌ಗೆ ಉತ್ತರ ಕೊಡುತ್ತದೆ, ಮುಂದಿರುವ ತಟ್ಟೆಯನ್ನು ನೋಡುವುದೇ ಇಲ್ಲ. ಶುಗರ್ 110 ಇದೆ, ತಟ್ಟೆಯಲ್ಲಿ ನಾಲ್ಕು ರೊಟ್ಟಿ ಇದೆ ಅಂದರೆ ಸ್ಕೇಲ್ ಏನೂ ಹೇಳುವುದಿಲ್ಲ. ಊಟದ ಲೆಕ್ಕವೇ ಇಲ್ಲದೆ ಸ್ಲೈಡಿಂಗ್ ಸ್ಕೇಲ್ ಒಂದನ್ನೇ ನೆಚ್ಚಿಕೊಂಡಿದ್ದರೆ ಅದನ್ನು ಬದಲಿಸಿ ಎಂದು ನಾನು ಖಂಡಿತ ಹೇಳುತ್ತೇನೆ.

ರೊಟ್ಟಿ ಲೆಕ್ಕ

ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ನಾನು ಹೇಳುವುದು ಇದನ್ನೇ. ಫಿಕ್ಸೆಡ್ ಡೋಸ್‌ಗಿಂತ ಸಡಿಲ, ಗ್ರಾಂ ಎಣಿಸುವುದಕ್ಕಿಂತ ಸುಲಭ. ಮನೆಯಲ್ಲಿ ದಿನಾ ತಿನ್ನುವ ಏಳೆಂಟು ಅಡುಗೆಗೆ ಮಾತ್ರ ಕಾರ್ಬ್ ಎಷ್ಟು ಎಂದು ಒಮ್ಮೆ ಕಂಡುಕೊಂಡು, ಯೂನಿಟ್ ಲೆಕ್ಕದ ಪಟ್ಟಿ ಮಾಡಿ, ಅಡುಗೆಮನೆಯ ಕಪಾಟಿನ ಒಳಬಾಗಿಲಿಗೆ ಅಂಟಿಸುವುದು.

ಒಂದು ತಪ್ಪು ತಿಳಿವಳಿಕೆ ಮೊದಲು ಬಿಡಬೇಕು. ಜೋಳ ತಿಂದರೆ ಶುಗರ್ ಏರಲ್ಲ ಎಂದು ಊರೆಲ್ಲ ಹೇಳುತ್ತಾರೆ, ಅಲ್ವಾ? 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 68 ಗ್ರಾಂ ಕಾರ್ಬ್ ಇದೆ. ಗೋಧಿ ಹಿಟ್ಟಿನಲ್ಲೂ ಹೆಚ್ಚು ಕಡಿಮೆ ಅಷ್ಟೇ. ನಾರಿನ ಅಂಶ ಇದೆ, ಒಳ್ಳೆಯ ಊಟ, ಎಲ್ಲ ನಿಜ. ಆದರೂ ಟೈಪ್ 1 ಇರುವವರಿಗೆ ರೊಟ್ಟಿಗೆ ಇನ್ಸುಲಿನ್ ಬೇಕೇ ಬೇಕು.

ಒಂದು ರೊಟ್ಟಿಯಲ್ಲಿ ಎಷ್ಟು? ಇದನ್ನು ಯಾವ ಪುಸ್ತಕವೂ ಹೇಳಲಾರದು, ಏಕೆಂದರೆ ರೊಟ್ಟಿ ತಟ್ಟುವ ಕೈ ಬೇರೆ ಬೇರೆ. ನಮ್ಮ ಅತ್ತೆಯ ರೊಟ್ಟಿ ಅಗಲ, ದಪ್ಪ. ನನ್ನದು ಸಣ್ಣದು. ಹೀಗೆ ಮಾಡಿ: ಅಡುಗೆಮನೆ ತಕ್ಕಡಿಯಲ್ಲಿ ಒಣ ಹಿಟ್ಟು 600 ಗ್ರಾಂ ತೂಗಿ ಇಡಿ. ನಾದುವುದಕ್ಕೂ ತಟ್ಟುವಾಗ ಕೆಳಗೆ ಹಾಕಿಕೊಳ್ಳುವುದಕ್ಕೂ ಅದರಲ್ಲೇ ತೆಗೆದುಕೊಳ್ಳಿ. ರೊಟ್ಟಿ ಎಲ್ಲ ಆದ ಮೇಲೆ ಉಳಿದ ಹಿಟ್ಟು ತೂಗಿ. 100 ಗ್ರಾಂ ಉಳಿದು ಹತ್ತು ರೊಟ್ಟಿ ಆಗಿದ್ದರೆ, ಒಂದಕ್ಕೆ 50 ಗ್ರಾಂ ಹಿಟ್ಟು, ಅಂದರೆ 34 ಗ್ರಾಂ ಕಾರ್ಬ್. ನಾಲ್ಕೈದು ದಿನ ಮಾಡಿದರೆ ನಿಮ್ಮ ಮನೆಯ ಕೈ ಗೊತ್ತಾಗುತ್ತದೆ. ಅತ್ತೆ ತಟ್ಟಿದ ದಿನಕ್ಕೆ ಪಟ್ಟಿಯಲ್ಲಿ ಬೇರೆ ಸಾಲು ಇರಲಿ.

ಬೆಂದ ರೊಟ್ಟಿ ತೂಗಿ ಲೆಕ್ಕ ಹಾಕಲು ಹೋಗಬೇಡಿ. ಬಿಸಿ ರೊಟ್ಟಿಯಲ್ಲಿ ನೀರಿನ ತೂಕ ಸೇರಿರುತ್ತದೆ. ಅದೇ ರೊಟ್ಟಿ ಒಣಗಿ ಕಟಕ ರೊಟ್ಟಿ ಆದಾಗ ತೂಕ ಎಷ್ಟೋ ಇಳಿಯುತ್ತದೆ, ಕಾರ್ಬ್ ಮಾತ್ರ ಒಂದು ಗ್ರಾಂ ಕೂಡ ಇಳಿಯುವುದಿಲ್ಲ. ಹಗುರ ಇದೆ ಎಂದು ಕಟಕ ರೊಟ್ಟಿಗೆ ಕಡಿಮೆ ಡೋಸ್ ಹಾಕುವಂತಿಲ್ಲ. ಚುರಮುರಿಯೂ ಹಾಗೇ. ತಟ್ಟೆ ತುಂಬ ಕಂಡರೂ ತೂಕ 30 ಗ್ರಾಂ ಇರಬಹುದು, ಅದರಲ್ಲಿ 23 ಗ್ರಾಂ ಕಾರ್ಬ್. ಅದು ಶುಗರ್ ಏರಿಸುವುದೂ ಬೇಗ.

ಪಟ್ಟಿ ಬರೆಯುವಾಗ ಒಂದು ಸೂಕ್ಷ್ಮ ಇದೆ. ಡಾಕ್ಟರ್ ಒಂದು ಯೂನಿಟ್ ಇನ್ಸುಲಿನ್‌ಗೆ 12.5 ಗ್ರಾಂ ಕಾರ್ಬ್ ಎಂದು ಕೊಟ್ಟಿದ್ದಾರೆ ಎಂದುಕೊಳ್ಳಿ. 34 ಗ್ರಾಂನ ಒಂದು ರೊಟ್ಟಿಗೆ 2.7 ಬರುತ್ತದೆ, ಪೆನ್ನಿನಲ್ಲಿ 3 ಅನ್ನುತ್ತೇವೆ. ಹಾಗಂತ ಮೂರು ರೊಟ್ಟಿಗೆ 9 ಎಂದು ಬರೆಯಬಾರದು. ಸರಿಯಾದ ಲೆಕ್ಕ 8.2, ಅಂದರೆ 8. ಎರಡಕ್ಕೆ 5.4, ಅಂದರೆ 5. ಪಟ್ಟಿಯಲ್ಲಿ ಒಂದರ ಡೋಸ್ ಬರೆದು ಗುಣಿಸುವ ಬದಲು ಒಂದು, ಎರಡು, ಮೂರು, ನಾಲ್ಕು ಎಂದು ಪ್ರತಿಯೊಂದಕ್ಕೂ ಒಟ್ಟು ಯೂನಿಟ್ ಬರೆದಿಡಿ. ಒಂದು ಯೂನಿಟ್ ಅಂದರೆ ಸುಮ್ನೆ ಅಲ್ಲ. ಸಣ್ಣ ಮಕ್ಕಳಲ್ಲಿ ಅದು ಶುಗರ್ ಅನ್ನು 100ಕ್ಕಿಂತ ಜಾಸ್ತಿ ಇಳಿಸಬಹುದು. ಅಂಥ ಮಕ್ಕಳಿಗೆ ಅರ್ಧ ಯೂನಿಟ್ ಹಾಕಬಹುದಾದ ಪೆನ್ ಸಿಗುತ್ತದೆ, ಕೇಳಿ ನೋಡಿ.

ಪಲ್ಯ, ಪುಂಡಿ ಪಲ್ಲೆ, ಬದನೆಕಾಯಿ, ಶೇಂಗಾ ಚಟ್ನಿ, ಮೊಸರು ಒಂದೆರಡು ಚಮಚ, ಇವಕ್ಕೆ ಬೇರೆ ಲೆಕ್ಕ ಬೇಡ. ಕಾಳಿನ ಪಲ್ಯ ವಾಟಿ ತುಂಬ ತಿಂದರೆ ಮಾತ್ರ ಹತ್ತು ಹದಿನೈದು ಗ್ರಾಂ ಸೇರಿಸಿ.

ಗ್ರಾಂ ಲೆಕ್ಕ

ಇದು ಪೂರ್ತಿ ಕಾರ್ಬ್ ಎಣಿಕೆ. ಏನು ತಿಂದರೂ, ಎಲ್ಲಿ ತಿಂದರೂ ಗ್ರಾಂ ಅಂದಾಜು ಮಾಡಿ ಡೋಸ್ ಹಾಕುವುದು. ಎರಡು ಸಂಖ್ಯೆ ಬೇಕು. ಒಂದು ಯೂನಿಟ್ ಎಷ್ಟು ಗ್ರಾಂ ಕಾರ್ಬ್ ನಿಭಾಯಿಸುತ್ತದೆ, ಒಂದು ಯೂನಿಟ್ ಶುಗರ್ ಅನ್ನು ಎಷ್ಟು ಇಳಿಸುತ್ತದೆ.

ಶುರುವಿನ ಅಂದಾಜಿಗೆ ಡಾಕ್ಟರ್‌ಗಳು ಬಳಸುವ ಸೂತ್ರ ಇದೆ. ದಿನದ ಒಟ್ಟು ಇನ್ಸುಲಿನ್, ಬೇಸಲ್ ಸೇರಿಸಿ, 40 ಯೂನಿಟ್ ಎನ್ನಿ. 500ನ್ನು 40ರಿಂದ ಭಾಗಿಸಿದರೆ 12.5, ಇದು ಗ್ರಾಂ. 1800ನ್ನು 40ರಿಂದ ಭಾಗಿಸಿದರೆ 45, ಇಷ್ಟು ಶುಗರ್ ಇಳಿಯುತ್ತದೆ. ಇದು ರ‍್ಯಾಪಿಡ್‌ಗೆ. ರೆಗ್ಯುಲರ್ ಆದರೆ 500ರ ಬದಲು 450, 1800ರ ಬದಲು 1500 ಹಿಡಿಯುತ್ತಾರೆ.

ಈಗ ತಟ್ಟೆ ನೋಡಿ. ಎರಡು ರೊಟ್ಟಿ 68 ಗ್ರಾಂ, ಬೆಂದ ಅನ್ನ 100 ಗ್ರಾಂನಲ್ಲಿ 28, ಕಾಳಿನ ಪಲ್ಯ 10. ಒಟ್ಟು 106. ಭಾಗಿಸಿದರೆ 8.5 ಯೂನಿಟ್. ಊಟಕ್ಕೆ ಮುಂಚೆ ಶುಗರ್ 190 ಇದೆ, ಗುರಿ 120. ಹೆಚ್ಚಿರುವುದು 70, ಅದನ್ನು 45ರಿಂದ ಭಾಗಿಸಿದರೆ ಒಂದೂವರೆ. ಎರಡೂ ಸೇರಿ 10 ಯೂನಿಟ್. ಆದರೆ ಈ ಒಂದೂವರೆಯನ್ನು ಸೇರಿಸಬೇಕಾದರೆ ಹಿಂದಿನ ಡೋಸ್ ಮುಗಿದಿರಬೇಕು. ರ‍್ಯಾಪಿಡ್ ತಗೊಂಡು ಎರಡೇ ಗಂಟೆ ಆಗಿದ್ದರೆ ಅದಿನ್ನೂ ಕೆಲಸ ಮಾಡುತ್ತಿರುತ್ತದೆ. ಅದರ ಮೇಲೆ ಮತ್ತೆ ಹಾಕಿದರೆ ಎರಡೂ ಸೇರಿ ರಾತ್ರಿ ಲೋ ತರುತ್ತವೆ.

ಬೆಳಿಗ್ಗೆಯ ಸಂಖ್ಯೆಯೇ ರಾತ್ರಿಗೂ ಇರಬೇಕೆಂದಿಲ್ಲ. ಬಹಳ ಜನರಿಗೆ ಬೆಳಿಗ್ಗೆ ಅಷ್ಟೇ ಅವಲಕ್ಕಿಗೆ ಇನ್ಸುಲಿನ್ ಜಾಸ್ತಿ ಬೇಕಾಗುತ್ತದೆ. ಸಂಖ್ಯೆ ಸರಿ ಇದೆಯಾ ಎಂದು ನೋಡಲು, ಲೆಕ್ಕ ಚೆನ್ನಾಗಿ ಗೊತ್ತಿರುವ ಊಟ ಮಾಡಿ, ಮುಂಚೆ ಒಮ್ಮೆ, ಎರಡು ಗಂಟೆಗೆ ಒಮ್ಮೆ, ನಾಲ್ಕು ಗಂಟೆಗೆ ಒಮ್ಮೆ ಶುಗರ್ ನೋಡಿ ಬರೆದಿಡಿ. ರ‍್ಯಾಪಿಡ್ ತಗೊಳ್ಳುವವರಲ್ಲಿ ನಾಲ್ಕು ಗಂಟೆಗೆ ಮೊದಲಿದ್ದ ಹತ್ತಿರಕ್ಕೆ ಬಂದರೆ ಸಂಖ್ಯೆ ಸರಿ. ಒಂದೇ ದಿನ ನೋಡಿ ಬದಲಿಸಬೇಡಿ.

ಬ್ರಿಟನ್‌ನಲ್ಲಿ ಡ್ಯಾಫ್ನೆ ಎಂಬ ಐದು ದಿನದ ತರಬೇತಿಯಲ್ಲಿ ಜನರಿಗೆ ಇದನ್ನೇ ಕಲಿಸಿದರು. 2002ರಲ್ಲಿ ಅದರ ಫಲಿತಾಂಶ ಬಂತು. ಬೇಕಾದ್ದು ತಿಂದು ಅದಕ್ಕೆ ತಕ್ಕ ಡೋಸ್ ಹಾಕಿದವರ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆಯ ಸಂಖ್ಯೆ, ಇಳಿಯಿತು, ತೀವ್ರವಾದ ಲೋ ಹೆಚ್ಚಲಿಲ್ಲ. ಗಮನಿಸಿ, ಇವರು ಐದು ದಿನ ಕೂತು ಕಲಿತವರು. ಒಂದು ವಿಡಿಯೋ ನೋಡಿ ಶುರು ಮಾಡಿದವರಲ್ಲ.

ಚರಗದ ದಿನ ಯಾವುದು ನಿಲ್ಲುತ್ತದೆ?

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಅಲ್ಲೇ ಊಟಕ್ಕೆ ಕೂರುತ್ತೇವೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡಬು. ಒಂದು ಗಂಟೆಗೆ ಅಂದದ್ದು ಎರಡೂವರೆಗೆ ಶುರುವಾಗುತ್ತದೆ, ನಾಲ್ಕರವರೆಗೂ ಮೆಲ್ಲುತ್ತಲೇ ಇರುತ್ತಾರೆ. ನಡುವೆ ಮಕ್ಕಳು ಹೊಲದ ತುಂಬ ಓಡುತ್ತಾರೆ. ದೊಡ್ಡವ್ವ ಬಂದು "ಹಬ್ಬದ ದಿನಾ ಕೂಸಿಗೆ ಬ್ಯಾಡ ಅನಬಾರದವ್ವಾ" ಎಂದು ಇನ್ನೊಂದು ಹೋಳಿಗೆ ಹಾಕುತ್ತಾರೆ.

ಫಿಕ್ಸೆಡ್ ಡೋಸ್ ಇಲ್ಲಿ ಒಂದು ಗಂಟೆಗೇ ಕೈಕೊಡುತ್ತದೆ. ರೊಟ್ಟಿ ಲೆಕ್ಕದಲ್ಲಿ ಹೋಳಿಗೆಯ ಸಾಲು ಮೊದಲೇ ಇದ್ದರೆ ನಿಭಾಯಿಸಬಹುದು. 20 ಗ್ರಾಂ ಗೋಧಿ ಹಿಟ್ಟು, 15 ಗ್ರಾಂ ಬೆಲ್ಲ, 15 ಗ್ರಾಂ ಶೇಂಗಾ ಹಿಡಿಸುವ ಹೋಳಿಗೆಯಲ್ಲಿ ಸುಮಾರು 30 ಗ್ರಾಂ ಕಾರ್ಬ್ ಇರುತ್ತದೆ. ಒಂದು ರೊಟ್ಟಿಗೆ ಹತ್ತಿರ ಹತ್ತಿರ. ಹಬ್ಬಕ್ಕೆ ಬೇಡ ಅನ್ನುವ ಅವಶ್ಯಕತೆ ಇಲ್ಲ, ಲೆಕ್ಕಕ್ಕೆ ಬಂದರೆ ಸಾಕು.

ಡೋಸ್ ಯಾವಾಗ ಎನ್ನುವುದು ಇಲ್ಲಿ ಮುಖ್ಯ. ತಟ್ಟೆ ಮುಂದೆ ಬರುವವರೆಗೆ ರ‍್ಯಾಪಿಡ್ ಹಾಕಬೇಡಿ. ಖಂಡಿತ ತಿನ್ನುವಷ್ಟಕ್ಕೆ ಮೊದಲು ಹಾಕಿ, ಆಮೇಲೆ ಬಂದ ಹೋಳಿಗೆಗೆ ಅದರ ಕಾರ್ಬ್‌ನಷ್ಟು ಮಾತ್ರ ಇನ್ನೊಮ್ಮೆ ಹಾಕಬಹುದು. ಆ ಎರಡನೇ ಡೋಸ್‌ನಲ್ಲಿ ಶುಗರ್ ಇಳಿಸುವ ಪಾಲು ಸೇರಿಸಬಾರದು. ಶೇಂಗಾ, ತುಪ್ಪ, ಎಣ್ಣೆ ಇರುವ ಊಟ ನಿಧಾನ ಕರಗುವುದರಿಂದ ಶುಗರ್ ಏರುವುದು ಸಂಜೆ ಆರೇಳಕ್ಕೆ ಇರಬಹುದು. ಓಡಾಟ ಜಾಸ್ತಿ ಇದ್ದರೆ ಡೋಸ್ ಎಷ್ಟು ಕಡಿಮೆ ಮಾಡಬೇಕೆಂದು ಹಬ್ಬಕ್ಕೆ ಮುಂಚೆಯೇ ಡಾಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.

ಸಕ್ಕರೆ ಪೊಟ್ಟಣ ಸೊಂಟಕ್ಕೇ ಇರಲಿ. ಶುಗರ್ 70ಕ್ಕಿಂತ ಕೆಳಗೆ ಬಂದರೆ ದೊಡ್ಡವರಿಗೆ ಮೂರು ಚಮಚ ಸಕ್ಕರೆ, ಅಂದರೆ ಹೆಚ್ಚು ಕಡಿಮೆ 15 ಗ್ರಾಂ, ನೀರಲ್ಲಿ ಕದಡಿ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಬೇಕು. ಸಣ್ಣ ಮಕ್ಕಳಿಗೆ ಇನ್ನೂ ಕಡಿಮೆ ಸಾಕು. ಅಮೀನಗಡದ ಕರದಂಟು ಚೀಲದಲ್ಲಿ ಇದೆಯಲ್ಲ ಎಂದು ಅದನ್ನು ಕೊಡಬೇಡಿ. ಬೆಲ್ಲ ಇದ್ದರೂ ಅದರಲ್ಲಿ ಒಣಹಣ್ಣು, ತುಪ್ಪ ಇದೆ, ಲೋ ಆದಾಗ ಬೇಕಾದಷ್ಟು ಬೇಗ ಏರುವುದಿಲ್ಲ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ.

ಆಪ್, ಸೆನ್ಸರ್, ಪಂಪ್

ಡೋಸ್ ಲೆಕ್ಕದ ಆಪ್ ಭಾಗಾಕಾರ ಮಾಡಿಕೊಡುತ್ತದೆ, ಹಿಂದಿನ ಡೋಸ್ ಎಷ್ಟು ಉಳಿದಿದೆ ಎಂದೂ ಕೆಲವು ಹೇಳುತ್ತವೆ. ಆದರೆ ಅತ್ತೆಯ ರೊಟ್ಟಿ ಎಷ್ಟು ದಪ್ಪ ಎನ್ನುವುದನ್ನು ನೀವೇ ಹೇಳಬೇಕು. ತೋಳಿಗೆ ಅಂಟಿಸಿ ಶುಗರ್ ನೋಡುವ ಸೆನ್ಸರ್, ಕೈಗೆ ಎಟಕುವುದಾದರೆ, ಸೂಜಿಯ ಬದಲು ಇನ್ಸುಲಿನ್ ಹರಿಸುವ ಪಂಪ್‌ಗಿಂತ ಮುಂಚೆ ತಗೊಳ್ಳಬೇಕಾದ್ದು. ಹೆಚ್ಚು ಬಳಕೆಯಲ್ಲಿರುವುದು 14 ದಿನ ಬರುತ್ತದೆ. ಪ್ರತಿ ತಿಂಗಳೂ ಆಗದಿದ್ದರೆ ಸಂಖ್ಯೆ ಗೊತ್ತು ಮಾಡಿಕೊಳ್ಳುವ ಹೊತ್ತಿನಲ್ಲಿ ಒಮ್ಮೆ ಹಾಕಿಸಿದರೂ ಬಹಳ ಕಲಿಯುತ್ತೀರಿ. ಅದು ತೋರಿಸುವುದು ರಕ್ತದ ಶುಗರ್‌ಗಿಂತ ಕೆಲವು ನಿಮಿಷ ಹಿಂದೆ ಇರುತ್ತದೆ. ಲೋ ಅನ್ನಿಸಿ ಅದು ಸರಿ ಇದೆ ಎಂದು ತೋರಿಸಿದರೆ ಬೆರಳು ಚುಚ್ಚಿ ನೋಡಿ. ಪಂಪ್‌ಗೆ ಲಕ್ಷಗಟ್ಟಲೆ ಖರ್ಚು, ತಿಂಗಳ ಸಾಮಾನು ಬೇರೆ. ಕಾರ್ಬ್ ಲೆಕ್ಕ ಬರದವರಿಗೆ ಪಂಪ್ ಬಂದರೂ ಊಟಕ್ಕೆ ಎಷ್ಟು ಎಂದು ಅದು ಕೇಳುತ್ತಲೇ ಇರುತ್ತದೆ.

ಹಾಗಾದರೆ ನಿಮಗೆ ಯಾವುದು?

ದಿನಕ್ಕೆ ಶುಗರ್ ನೋಡುವ ಎಷ್ಟು ಸ್ಟ್ರಿಪ್ ಕೊಳ್ಳಬಲ್ಲಿರಿ ಎನ್ನುವುದರಿಂದ ಶುರು ಮಾಡಿ. ಊಟಕ್ಕೆ ಮುಂಚೆ, ಮಲಗುವ ಮುಂಚೆ ನೋಡಲು ಆಗದಿದ್ದರೆ ಫಿಕ್ಸೆಡ್ ಡೋಸ್, ಒಂದೇ ಥರದ ಊಟ. ನೋಡಲು ಆಗುತ್ತದೆ, ಹೆಚ್ಚಾಗಿ ಮನೆ ಊಟವೇ ಅಂದರೆ ರೊಟ್ಟಿ ಲೆಕ್ಕ. ಬೆಳಗಾವಿಯಲ್ಲೋ ಧಾರವಾಡದಲ್ಲೋ ಹಾಸ್ಟೆಲ್‌ನಲ್ಲಿದ್ದು ಓದುವವರಿಗೆ, ಮೆಸ್ ಊಟ, ಹೋಟೆಲ್ ಊಟ ಮಾಡುವವರಿಗೆ ಗ್ರಾಂ ಲೆಕ್ಕ. ನನ್ನ ಮಗಳು ಕಾಲೇಜಿಗೆ ಹೋಗುವ ಮುಂಚೆ ಅದನ್ನು ಪೂರ್ತಿ ಕಲಿಯಲಿ ಎಂಬುದು ನನ್ನ ಆಸೆ. ನಾನು ಪಕ್ಕದಲ್ಲಿ ಇರುವುದಿಲ್ಲವಲ್ಲ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾ ಎಂದು ಮನೆಯ ಹಿರಿಯರು ಕೇಳುತ್ತಾರೆ. ಬೇಕು. 1993ರಲ್ಲಿ ಪ್ರಕಟವಾದ ಡಿಸಿಸಿಟಿ ಅಧ್ಯಯನದಲ್ಲಿ, ಶುಗರ್ ಬಿಗಿಯಾಗಿ ಇಟ್ಟುಕೊಂಡವರಲ್ಲಿ ಕಣ್ಣು, ಕಿಡ್ನಿ, ನರದ ತೊಂದರೆ ಬಹಳ ಕಡಿಮೆಯಾಯಿತು. ಅದೇ ಅಧ್ಯಯನದಲ್ಲಿ ಅವರಿಗೆ ತೀವ್ರವಾದ ಲೋ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು ಎನ್ನುವುದನ್ನೂ ನೆನಪಿಡಿ. ಆಗ ಸೆನ್ಸರ್ ಇರಲಿಲ್ಲ, ರ‍್ಯಾಪಿಡ್ ಇನ್ಸುಲಿನ್ ಮಾರುಕಟ್ಟೆಗೆ ಬಂದಿರಲಿಲ್ಲ.

ಲೆಕ್ಕ ಸರಿ ಇದ್ದೂ ಶುಗರ್ ಏರುತ್ತಲೇ ಇದ್ದರೆ ಡೋಸ್ ಏರಿಸುವ ಮುಂಚೆ ಇನ್ಸುಲಿನ್ ಕೆಟ್ಟಿದೆಯಾ ನೋಡಿ. ವಿಜಯಪುರ, ಬಾಗಲಕೋಟೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೈಕಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಇದ್ದ ಬಾಟಲಿಯನ್ನು ನಂಬಬೇಡಿ. ವಾಂತಿ, ಹೊಟ್ಟೆನೋವು ಇದ್ದು ಶುಗರ್ 250ರ ಮೇಲೆ ನಿಂತಿದ್ದರೆ ಅದು ಊಟದ ಲೆಕ್ಕದ ವಿಷಯವೇ ಅಲ್ಲ. ಕೀಟೋನ್ (ಇನ್ಸುಲಿನ್ ಸಾಲದಾಗ ಮೈಯಲ್ಲಿ ತುಂಬಿಕೊಳ್ಳುವ ಆಮ್ಲ) ನೋಡಬೇಕು, ಬೇಸಲ್ ನಿಲ್ಲಿಸಬಾರದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮುಂದಿನ ಸಲ ಬೆಳಗಾವಿಯ ಕೆಎಲ್‌ಇಗೋ, ವಿಜಯಪುರದ ಬಿಎಲ್‌ಡಿಇಗೋ, ಬಾಗಲಕೋಟೆಯ ಕುಮಾರೇಶ್ವರಕ್ಕೋ, ನಿಮ್ಮ ಊರಿನ ಡಾಕ್ಟರ್ ಹತ್ತಿರವೋ ಹೋದಾಗ ಎರಡು ವಾರದ ಶುಗರ್ ಮತ್ತು ಊಟ ಬರೆದ ವಹಿ ತಗೊಂಡು ಹೋಗಿ. ಮೂರೂ ಹೊತ್ತಿಗೆ ಒಂದು ಯೂನಿಟ್‌ಗೆ ಎಷ್ಟು ಗ್ರಾಂ, ಒಂದು ಯೂನಿಟ್ ಎಷ್ಟು ಇಳಿಸುತ್ತದೆ, ಗುರಿ ಎಷ್ಟು, ಎರಡು ಡೋಸ್ ನಡುವೆ ಎಷ್ಟು ಗಂಟೆ ಬಿಡಬೇಕು, ಆಟದ ದಿನ ಎಷ್ಟು ಕಡಿಮೆ, ಇಷ್ಟನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಅದರ ಒಂದು ಜೆರಾಕ್ಸ್ ಶಾಲೆಯ ಟೀಚರ್ ಹತ್ತಿರ ಇರಲಿ.